ಬ್ರೌಸರ್ ತೆರೆಯುತ್ತದೆ, ಆ್ಯಪ್ ಮಾತ್ರ ಕನೆಕ್ಟ್ ಆಗುವುದಿಲ್ಲ: ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ದೋಷ ಹುಡುಕುವ ಕ್ರಮ

ಬ್ರೌಸರ್‌ನಲ್ಲಿ ಸುದ್ದಿತಾಣಗಳೆಲ್ಲ ಸರಾಗವಾಗಿ ತೆರೆಯುತ್ತಿದ್ದರೂ ವಾಟ್ಸ್ಆ್ಯಪ್, ಝೂಮ್ ಅಥವಾ ಒನ್‌ಡ್ರೈವ್ ಮಾತ್ರ ‘ಕನೆಕ್ಟಿಂಗ್’ ಎಂದು ತೋರಿಸುತ್ತ ನಿಂತುಬಿಡುವುದುಂಟು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಆ್ಯಪನ್ನು ತೆಗೆದುಹಾಕಿ ಮತ್ತೆ ಹಾಕಿಕೊಳ್ಳಲು ಹೊರಡುತ್ತಾರೆ. ನನ್ನ ಅನುಭವದಲ್ಲಿ ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ಆ್ಯಪ್ ಹೋದರೆ ಅದರ ಲಾಗಿನ್ ಮತ್ತು ಸೆಟ್ಟಿಂಗ್‌ಗಳು ಹೋಗುತ್ತವೆ, ದೋಷ ಮಾತ್ರ ಇದ್ದಲ್ಲೇ ಉಳಿಯುತ್ತದೆ. ತೊಂದರೆ ಆ್ಯಪ್ ನಡೆಸುವವರ ಸರ್ವರ್‌ನಲ್ಲಿದೆಯೋ, ನಾವು ಬಳಸುತ್ತಿರುವ ವೈಫೈಯಲ್ಲಿದೆಯೋ, ಲ್ಯಾಪ್‌ಟಾಪ್‌ನಲ್ಲೇ ಇದೆಯೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಇಲ್ಲಿ ಹೇಳುವ ಕ್ರಮ ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತದೆ. ಆಯ್ಕೆಗಳ ಹೆಸರು ಎರಡರಲ್ಲಿ ತುಸು ಬೇರೆಯಿರಬಹುದು.

ಸರ್ವರ್ ವಿಚಾರವನ್ನು ಒಂದೇ ನಿಮಿಷದಲ್ಲಿ ತೀರ್ಮಾನಿಸಬಹುದು. ಅದೇ ಆ್ಯಪ್ ನಿಮ್ಮ ಫೋನ್‌ನಲ್ಲೂ, ಬೇರೆ ಊರಿನಲ್ಲಿರುವ ಪರಿಚಿತರಲ್ಲೂ ಕೆಲಸ ಮಾಡದಿದ್ದರೆ ಲ್ಯಾಪ್‌ಟಾಪನ್ನು ಮುಟ್ಟುವ ಅಗತ್ಯವೇ ಇಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು 6 ಗಂಟೆ ಕಾಲ ಸ್ತಬ್ಧವಾಗಿದ್ದವು. ಕಾರಣ ಆ ಕಂಪನಿಯ ಒಳಜಾಲದಲ್ಲಿ ಮಾಡಿದ ಒಂದು ಬದಲಾವಣೆ. ಅಂದು ರೂಟರ್‌ನ ವೈರನ್ನು ಎಷ್ಟು ಬಾರಿ ಕಿತ್ತು ಚುಚ್ಚಿದ್ದರೂ ಪ್ರಯೋಜನವಿರಲಿಲ್ಲ.

ಸರ್ವರ್ ಸರಿಯಿದೆ ಎಂದಾದರೆ ಲ್ಯಾಪ್‌ಟಾಪನ್ನು ಒಮ್ಮೆ ‘ರೀಸ್ಟಾರ್ಟ್’ ಮಾಡಿ. ‘ಶಟ್ ಡೌನ್’ ಮಾಡಿ ಮತ್ತೆ ಆನ್ ಮಾಡುವುದು ಇದಕ್ಕೆ ಸಮನಲ್ಲ. ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯ ಚಾಲನೆಯಲ್ಲಿದ್ದರೆ, ಶಟ್ ಡೌನ್ ಮಾಡಿದಾಗ ವಿಂಡೋಸ್ ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟುಕೊಂಡು, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಎಲ್ಲವೂ ಹೊಸದಾಗಿ ಶುರುವಾಗುತ್ತದೆ.

ಮುಂದಿನ ಪರೀಕ್ಷೆ ಫೋನಿನ ಹಾಟ್‌ಸ್ಪಾಟ್‌ನದು. ಲ್ಯಾಪ್‌ಟಾಪನ್ನು ಮನೆಯ ಅಥವಾ ಕಚೇರಿಯ ವೈಫೈಯಿಂದ ಬಿಡಿಸಿ, ಮೊಬೈಲ್ ಡೇಟಾ ಬಳಸುತ್ತಿರುವ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ. ಆ್ಯಪ್ ಕೂಡಲೇ ಕೆಲಸ ಮಾಡಿದರೆ ದೋಷ ಹಳೆಯ ವೈಫೈಯಲ್ಲಿದೆ. ಹೋಟೆಲು, ರೈಲು ನಿಲ್ದಾಣ, ಕಾಲೇಜುಗಳ ವೈಫೈಯಲ್ಲಿ ಮೊದಲು ಒಂದು ಪುಟ ತೆರೆದು ಮೊಬೈಲ್ ಸಂಖ್ಯೆಯನ್ನೋ ಪಾಸ್‌ವರ್ಡನ್ನೋ ಕೊಡಬೇಕಾಗುತ್ತದೆ. ಆ ಪುಟ ಬ್ರೌಸರ್‌ನಲ್ಲಿ ಮಾತ್ರ ಕಾಣಿಸುವುದರಿಂದ ಆ್ಯಪ್ ಸುಮ್ಮನೆ ಕಾಯುತ್ತಿರುತ್ತದೆ. ಕಚೇರಿಗಳ ಜಾಲದಲ್ಲಿ ವೆಬ್ ಪುಟಗಳಿಗೆ ಬೇಕಾದ 443ನೇ ಪೋರ್ಟನ್ನು (ದತ್ತಾಂಶ ಹಾದುಹೋಗುವ ಸಂಖ್ಯೆಯ ಬಾಗಿಲು) ತೆರೆದಿಟ್ಟು, ವಿಡಿಯೊ ಕರೆಗಳು ಇಷ್ಟಪಡುವ ಯುಡಿಪಿ ಎಂಬ ವೇಗದ ರವಾನೆಯ ದಾರಿಯನ್ನು ಮುಚ್ಚಿರುವುದೂ ಸಾಮಾನ್ಯ. ಅದನ್ನು ಅಲ್ಲಿನ ಜಾಲ ನೋಡಿಕೊಳ್ಳುವವರೇ ಸರಿಪಡಿಸಬೇಕು. ಒಂದು ಎಚ್ಚರಿಕೆ: ಹಾಟ್‌ಸ್ಪಾಟನ್ನು ‘ಮೀಟರ್ಡ್ ಕನೆಕ್ಷನ್’ (ಡೇಟಾ ಮಿತಿಯಿರುವ ಸಂಪರ್ಕ) ಎಂದು ಗುರುತಿಸಿದ್ದರೆ ಡೇಟಾ ಉಳಿಸಲೆಂದು ಒನ್‌ಡ್ರೈವ್ ತಾನಾಗಿಯೇ ಸಿಂಕ್ ನಿಲ್ಲಿಸಬಹುದು; ಅದನ್ನು ದೋಷವೆಂದು ಎಣಿಸಬಾರದು.

ಹಾಟ್‌ಸ್ಪಾಟ್‌ನಲ್ಲೂ ಆ್ಯಪ್ ಏಳದಿದ್ದರೆ ದೋಷ ಲ್ಯಾಪ್‌ಟಾಪ್‌ನಲ್ಲಿದೆ. ಇಲ್ಲಿ ನಾನು ಮೊದಲು ನೋಡುವುದು ಗಡಿಯಾರವನ್ನು. ಆ್ಯಪ್ ಮತ್ತು ಸರ್ವರ್ ನಡುವಿನ ಸುರಕ್ಷಿತ ಸಂಪರ್ಕ ಒಂದು ಪ್ರಮಾಣಪತ್ರವನ್ನು ಆಧರಿಸಿರುತ್ತದೆ, ಅದಕ್ಕೆ ಆರಂಭದ ದಿನಾಂಕವೂ ಮುಕ್ತಾಯದ ದಿನಾಂಕವೂ ಇರುತ್ತವೆ. ಲ್ಯಾಪ್‌ಟಾಪಿನ ದಿನಾಂಕ ಹಿಂದಕ್ಕೆ ಹೋಗಿದ್ದರೆ ಆ ಪತ್ರ ಇನ್ನೂ ಜಾರಿಗೆ ಬಂದಿಲ್ಲವೆಂದು, ಮುಂದಕ್ಕೆ ಹೋಗಿದ್ದರೆ ಅವಧಿ ಮುಗಿದಿದೆಯೆಂದು ತಿಳಿದು ಅದು ಸಂಪರ್ಕವನ್ನೇ ನಿರಾಕರಿಸುತ್ತದೆ. ಆಗ ಬ್ರೌಸರ್ ಕೂಡ ತಕರಾರು ಮಾಡುತ್ತದೆ, ಆದರೆ ಗಡಿಯಾರ ತಪ್ಪಾಗಿದೆಯೆಂದು ಕಾರಣವನ್ನಾದರೂ ಹೇಳುತ್ತದೆ. ಬಹಳಷ್ಟು ಆ್ಯಪ್‌ಗಳು ಅಷ್ಟು ಸೌಜನ್ಯ ತೋರುವುದಿಲ್ಲ. ವಿಂಡೋಸ್‌ನ ‘ಸೆಟ್ಟಿಂಗ್ಸ್’ ಒಳಗಿನ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ ವಿಭಾಗದಲ್ಲಿ ‘ಸಿಂಕ್ ನೌ’ ಒತ್ತಿ. ದಿನಾಂಕ ವರ್ಷಗಟ್ಟಲೆ ತಪ್ಪಿದ್ದರೆ ಅದನ್ನು ಮೊದಲು ಕೈಯಿಂದಲೇ ಸರಿಪಡಿಸಿ, ಆಮೇಲೆ ಸಿಂಕ್ ಮಾಡುವುದು ಮೇಲು. ಕಾಲವಲಯವನ್ನೂ ನೋಡಬೇಕು. ಅಮೆರಿಕದಿಂದ ಊರಿಗೆ ಬಂದವರು ಅಲ್ಲಿನ ವಲಯವನ್ನು ಹಾಗೆಯೇ ಬಿಟ್ಟು ಗಂಟೆಯನ್ನಷ್ಟೇ ಇಲ್ಲಿನದಕ್ಕೆ ತಿರುಗಿಸಿದ್ದರೆ, ಪರದೆಯ ಮೇಲೆ ಸಮಯ ಸರಿಯಾಗಿ ಕಂಡರೂ ಯಂತ್ರದ ಲೆಕ್ಕದಲ್ಲಿ ಅದು ಹಲವು ಗಂಟೆಗಳಷ್ಟು ತಪ್ಪಾಗಿರುತ್ತದೆ. ಭಾರತದಲ್ಲಿ ಕಾಲವಲಯ ಯುಟಿಸಿಗಿಂತ (ಜಗತ್ತಿಗೆಲ್ಲ ಆಧಾರವಾದ ಸಮಯ) 5:30 ಗಂಟೆ ಮುಂದಿರಬೇಕು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ದಿನಾಂಕ ಪದೇ ಪದೇ ಹಿಂದಕ್ಕೆ ಜಾರುತ್ತಿದ್ದರೆ, ಒಳಗಿರುವ ನಾಣ್ಯದಂಥ ಚಿಕ್ಕ ಬ್ಯಾಟರಿ ಸತ್ತಿರುವ ಸಂಭವವೇ ಹೆಚ್ಚು.

ಆಮೇಲೆ ವಿಪಿಎನ್ ಮತ್ತು ಪ್ರಾಕ್ಸಿ, ಅಂದರೆ ನಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಏರ್ಪಾಡುಗಳು. ವಿಪಿಎನ್ ಇದ್ದರೆ ಅದನ್ನು ಪೂರ್ತಿ ಮುಚ್ಚಿ ಪರೀಕ್ಷಿಸಿ. ‘ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್’ ಒಳಗಿನ ‘ಪ್ರಾಕ್ಸಿ’ ಪುಟದಲ್ಲಿ, ಕಚೇರಿಯವರು ಹೇಳಿ ಹಾಕಿಸಿದ್ದಲ್ಲದಿದ್ದರೆ, ಪ್ರಾಕ್ಸಿ ಸರ್ವರ್ ಬಳಸುವ ಆಯ್ಕೆ ಆಫ್ ಆಗಿರಬೇಕು. ಬ್ರೌಸರ್ ಮತ್ತು ಆ್ಯಪ್‌ಗಳು ಪ್ರಾಕ್ಸಿಯನ್ನು ಒಂದೇ ರೀತಿ ಪಾಲಿಸುವುದಿಲ್ಲವಾದ್ದರಿಂದ ಒಂದು ನಡೆದು ಇನ್ನೊಂದು ನಿಲ್ಲುವುದಕ್ಕೆ ಇದೂ ಕಾರಣವಾಗುತ್ತದೆ.

ಡಿಎನ್‌ಎಸ್ ಎಂದರೆ ತಾಣದ ಹೆಸರನ್ನು ಅಂಕಿಗಳ ವಿಳಾಸಕ್ಕೆ ತಿರುಗಿಸಿಕೊಡುವ ಸೇವೆ. ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಸುರಕ್ಷಿತ ಡಿಎನ್‌ಎಸ್‌ಗಾಗಿ ಬೇರೊಂದು ಸೇವೆಯನ್ನು ಆರಿಸಿಟ್ಟಿದ್ದರೆ ಬ್ರೌಸರ್ ಅದನ್ನೇ ಕೇಳುತ್ತದೆ, ಆ್ಯಪ್ ಮಾತ್ರ ವಿಂಡೋಸ್‌ನ ಡಿಎನ್‌ಎಸ್ ನಂಬಿರುತ್ತದೆ. ವಿಂಡೋಸ್‌ನದು ಕೆಟ್ಟಿದ್ದರೆ ಈ ಬರಹದ ಶೀರ್ಷಿಕೆಯಲ್ಲಿರುವ ಸ್ಥಿತಿಯೇ ಉಂಟಾಗುತ್ತದೆ. ವೈಫೈಯ ‘ಹಾರ್ಡ್‌ವೇರ್ ಪ್ರಾಪರ್ಟೀಸ್’ ಪುಟದಲ್ಲಿ ಡಿಎನ್‌ಎಸ್ ಸರ್ವರ್ ಆಗಿ 8.8.8.8 (ಗೂಗಲ್‌ನದು) ಅಥವಾ 1.1.1.1 (ಕ್ಲೌಡ್‌ಫ್ಲೇರ್ ಕಂಪನಿಯದು) ಕೊಟ್ಟು ನೋಡಿ. ಅದೇ ಪುಟದಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ 169.254 ಎಂದು ಆರಂಭವಾಗಿದ್ದರೆ ವಿಷಯ ಬೇರೆ: ಅದಕ್ಕೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ, ಹಾಗಿದ್ದಾಗ ಬ್ರೌಸರ್ ಕೂಡ ತೆರೆಯದು.

ಫೈರ್‌ವಾಲ್ ಎಂದರೆ ಬೇಡದ ಸಂಪರ್ಕಗಳನ್ನು ತಡೆಯುವ ಕಾವಲು ವ್ಯವಸ್ಥೆ. ಅದರ ಅನುಮತಿ ಪಟ್ಟಿಯಲ್ಲಿ ಆ್ಯಪ್‌ನ ಹೆಸರಿದೆಯೇ ಎಂದು ಒಮ್ಮೆ ನೋಡಿದರೆ ಸಾಕು. ಫೈರ್‌ವಾಲನ್ನು ಆಫ್ ಮಾಡಿಯೇ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಇನ್ನು ವಾಟ್ಸ್ಆ್ಯಪ್‌ನದೇ ಒಂದು ನಿಯಮವಿದೆ: ಮುಖ್ಯ ಫೋನನ್ನು 14 ದಿನಕ್ಕಿಂತ ಹೆಚ್ಚು ಕಾಲ ಬಳಸದಿದ್ದರೆ ಲ್ಯಾಪ್‌ಟಾಪ್ ತಾನಾಗಿಯೇ ಲಾಗ್ ಔಟ್ ಆಗುತ್ತದೆ, ಮತ್ತೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಜೋಡಿಸಬೇಕಾಗುತ್ತದೆ.

ಪ್ರತಿ ಬದಲಾವಣೆಯ ನಂತರವೂ ಆ್ಯಪನ್ನು ಮುಚ್ಚಿ ತೆರೆದು ನೋಡಿ. ಫಲ ಕೊಡದ ಬದಲಾವಣೆಯನ್ನು ಹಿಂದಿದ್ದಂತೆಯೇ ಮಾಡಿಬಿಡಿ. ಇಷ್ಟಾದರೂ ಆಗದಿದ್ದರೆ ಆ್ಯಪ್‌ಗಳ ಪಟ್ಟಿಯಲ್ಲಿ ಅದರ ‘ಅಡ್ವಾನ್ಸ್ಡ್ ಆಪ್ಷನ್ಸ್’ ತೆರೆಯಿರಿ. ಎಲ್ಲ ಆ್ಯಪ್‌ಗಳಿಗೂ ಇದು ಇರುವುದಿಲ್ಲ, ಇದ್ದರೆ ಅಲ್ಲಿನ ‘ರಿಪೇರ್’ ದತ್ತಾಂಶವನ್ನು ಅಳಿಸದೆ ದುರಸ್ತಿ ಮಾಡುತ್ತದೆ, ‘ರೀಸೆಟ್’ ಅಳಿಸುತ್ತದೆ. ಆಮೇಲೆ ಉಳಿಯುವುದು ಜಾಲದ ಸೆಟ್ಟಿಂಗ್‌ಗಳನ್ನೆಲ್ಲ ಮೊದಲಿನಂತಾಗಿಸುವ ‘ನೆಟ್‌ವರ್ಕ್ ರೀಸೆಟ್’. ಅದು ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳನ್ನೆಲ್ಲ ಮರೆತುಬಿಡುವುದರಿಂದ ಅವನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇವೆಲ್ಲ ಸೋತ ಮೇಲೆ, ಅಪ್‌ಲೋಡ್ ಆಗದೆ ಉಳಿದ ಕಡತಗಳನ್ನು ಬೇರೆಡೆ ನಕಲು ಮಾಡಿಕೊಂಡು, ಆ್ಯಪನ್ನು ತೆಗೆದು ಹೊಸದಾಗಿ ಹಾಕಬಹುದು.