ಮೊದಲು ಛೇದ ನೋಡುತ್ತೇನೆ

ಕಂಪನಿಯೊಂದರ ಹಣಕಾಸಿನ ಸ್ಥಿತಿ ಅಳೆಯುವಾಗ ಅದರ ವಾರ್ಷಿಕ ವರದಿಯ ಮುಂದಿನ ಪುಟಗಳಲ್ಲಿ ಅಚ್ಚಾದ ಅನುಪಾತಗಳನ್ನು ನಾನು ಬಳಸುವುದಿಲ್ಲ. ಐದು ವರ್ಷದ ಬ್ಯಾಲೆನ್ಸ್ ಶೀಟ್ (ಆಸ್ತಿ-ಹೊಣೆಗಳ ಪಟ್ಟಿ), ಲಾಭ-ನಷ್ಟ, ನಗದು ಹರಿವು ಮೂರನ್ನೂ ಒಂದೇ ಎಕ್ಸೆಲ್ ಹಾಳೆಗೆ ಇಳಿಸಿ ನಾನೇ ಲೆಕ್ಕ ಹಾಕುತ್ತೇನೆ. ಕಾರಣ ಸರಳ: ‘ಸಾಲ’ ಎಂದರೆ ಏನೇನು ಎಂಬುದಕ್ಕೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ.

ಮೊದಲು ಬಿಡಿಸುವುದು ಆರ್‌ಒಇ, ಅಂದರೆ ಷೇರುದಾರರ ಬಂಡವಾಳದ ಮೇಲಿನ ಗಳಿಕೆ. ಲಾಭ 12, ಮಾರಾಟ 200, ಒಟ್ಟು ಆಸ್ತಿ 150, ಬಂಡವಾಳ 60 ಎಂದಿಟ್ಟುಕೊಳ್ಳಿ, ಆರ್‌ಒಇ 20%. ಮರುವರ್ಷ ಲಾಭ 10ಕ್ಕೆ ಇಳಿಯಿತು, ಮಾರಾಟ ಅಷ್ಟೇ, ಆಸ್ತಿ 160, ಕಂಪನಿ ತನ್ನದೇ ಷೇರುಗಳನ್ನು ಮರುಖರೀದಿಸಿದ್ದರಿಂದ ಬಂಡವಾಳ 45. ಆರ್‌ಒಇ 22.2%! ಡ್ಯೂಪಾಂಟ್ ವಿಧಾನದಲ್ಲಿ ಮೂರು ತುಂಡು ಮಾಡಿದರೆ ಗುಟ್ಟು ಬಯಲಾಗುತ್ತದೆ: ಲಾಭದ ಮಾರ್ಜಿನ್ 6%ರಿಂದ 5%ಗೆ, ಆಸ್ತಿಯ ವಹಿವಾಟು (ಮಾರಾಟ ಭಾಗಿಸು ಆಸ್ತಿ) 1.33ರಿಂದ 1.25ಕ್ಕೆ ಇಳಿದಿವೆ. ಏರಿದ್ದು ಆಸ್ತಿ-ಬಂಡವಾಳದ ಪಟ್ಟು ಮಾತ್ರ, 2.5ರಿಂದ 3.56ಕ್ಕೆ. ವ್ಯಾಪಾರ ಸೊರಗಿದೆ, ಛೇದ ಕುಗ್ಗಿದೆ, ಅಷ್ಟೇ.

ಕರೆಂಟ್ ರೇಶಿಯೊ, ಅಂದರೆ ಒಂದು ವರ್ಷದೊಳಗೆ ನಗದಾಗುವ ಆಸ್ತಿಯನ್ನು ಅಷ್ಟರೊಳಗೆ ತೀರಿಸಬೇಕಾದ ಹೊಣೆಯಿಂದ ಭಾಗಿಸಿದ್ದು, ಅದರ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಚಾಲ್ತಿ ಆಸ್ತಿ 200, ಚಾಲ್ತಿ ಹೊಣೆ 150 ಇದ್ದರೆ ಅದು 1.33. ವರ್ಷದ ಕೊನೆಯ ದಿನ 100ರಷ್ಟು ಅಲ್ಪಾವಧಿ ಸಾಲ ತೀರಿಸಿದರೆ 100ಕ್ಕೆ 50, ಅಂದರೆ 2. ಮರುದಿನ ಮತ್ತೆ ಸಾಲ ಎತ್ತಿದರೆ ಕೇಳುವವರಿಲ್ಲ. ಇದನ್ನು ಹಿಡಿಯಲು ಬಡ್ಡಿ ವೆಚ್ಚವನ್ನು ಉಳಿದ ಸಾಲದಿಂದ ಭಾಗಿಸುತ್ತೇನೆ. ಬಡ್ಡಿ 9, ತೋರಿಸಿದ ಸಾಲ 30 ಎಂದರೆ ಬಡ್ಡಿ ದರ 30%. ಅಷ್ಟು ದುಬಾರಿ ಸಾಲ ಯಾಕೆ ತಂದರು ಎಂದು ಕೇಳುವ ಮೊದಲು, ವರ್ಷವಿಡೀ ಸಾಲ 130ರ ಆಸುಪಾಸು ಇದ್ದಿರಬಹುದೇ ನೋಡಬೇಕು. ಆಗ ದರ ಸುಮಾರು 7%, ನಂಬುವಂಥದ್ದು.

ಗಿರಾಕಿಗಳಿಂದ ಬರಬೇಕಾದ ಬಾಕಿಯನ್ನು ಮಾರಾಟದಿಂದ ಭಾಗಿಸಿ, 365ರಿಂದ ಗುಣಿಸಿ, ದಿನಕ್ಕೆ ಪರಿವರ್ತಿಸಿಯೇ ಓದುವುದು. ಮಾರಾಟ 200ರಲ್ಲೇ ನಿಂತು ಬಾಕಿ 40ರಿಂದ 55ಕ್ಕೆ ಹೋದರೆ, 73 ದಿನ ಇದ್ದದ್ದು ಸುಮಾರು 100 ದಿನವಾಗಿದೆ. ಜೊತೆಗೆ ಕಾರ್ಯಾಚರಣೆಯ ನಗದು ಹರಿವು ಲಾಭಕ್ಕಿಂತ ಹಿಂದೆ ಬಿದ್ದಿದ್ದರೆ ನೇರ ವರದಿಯ ಟಿಪ್ಪಣಿಗಳಿಗೆ ಹೋಗಿ ಬಾಕಿ ಎಷ್ಟು ಹಳೆಯದು, ಯಾರಿಂದ ಬರಬೇಕು ಎಂದು ಹುಡುಕುತ್ತೇನೆ. ದಾಸ್ತಾನಿಗೂ ಇದೇ ಕ್ರಮ, ಆದರೆ ಭಾಗಿಸುವುದು ಮಾರಾಟದಿಂದಲ್ಲ, ಮಾರಿದ ಸರಕಿನ ವೆಚ್ಚದಿಂದ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಉಕ್ಕು, ಸಿಮೆಂಟಿನಂಥ ಏರಿಳಿತದ ಉದ್ಯಮಗಳಲ್ಲಿ ಪಿ/ಇ (ಷೇರಿನ ಬೆಲೆ ಅದರ ಪಾಲಿನ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ) ಕಡಿಮೆ ಕಂಡರೆ ಅಗ್ಗ ಎಂದುಕೊಳ್ಳಬೇಡಿ. ಲಾಭ ಶಿಖರದಲ್ಲಿದ್ದಾಗಲೇ ಅದು ಅಷ್ಟು ಕೆಳಗಿರುವುದು. ಅಲ್ಲಿ ಏಳೆಂಟು ವರ್ಷದ ಸರಾಸರಿ ಲಾಭ ಹಾಕುತ್ತೇನೆ. ಬ್ಯಾಂಕುಗಳಿಗೆ ಇವುಗಳಲ್ಲಿ ಅರ್ಧ ಒಗ್ಗುವುದೇ ಇಲ್ಲ: ಲೆಕ್ಕದಲ್ಲಿ ಹೊಣೆಯಾಗಿ ಕಾಣುವ ಠೇವಣಿಯೇ ಅವರ ಕಚ್ಚಾ ಸರಕು.