ಕಲಬುರಗಿದಾಗ ಪ್ಲಾಟ್ ತಗೊಳ್ಳೋ ಮೊದ್ಲು ಹಳ್ಳ ಎಲ್ಲದ ನೋಡ್ರಿ

ರಿಂಗ್ ರೋಡ್ ಆಚೆ ನಿನ್ನೆ ಮೊನ್ನೆ ತನಕ ತೊಗರಿ ಹೊಲ ಇದ್ದಲ್ಲೆಲ್ಲಾ ಈಗ ಲೇಔಟ್ ಆಗ್ಯಾವ, ಬ್ಯಾಸಗ್ಯಾಗ ಹೋಗಿ ನೋಡಿದ್ರ ಎಲ್ಲಾ ಪ್ಲಾಟೂ ಚೊಲೊನೇ ಕಾಣ್ತಾವ, ಮಳಿಗಾಲ ಬಂದ್ ಮ್ಯಾಲೇ ಗೊತ್ತಾಗೋದು. 2020ರ ಅಕ್ಟೋಬರ್‌ನಾಗ ಅಫಜಲಪುರ, ಜೇವರ್ಗಿ ಕಡೆ ಊರುಗಳಿಗೆ ನೀರು ಹೊಕ್ಕಿದ್ದು ಭೀಮಾ ನದಿದು, ಆದ್ರ ನಮ್ ಸಿಟಿ ಒಳಗ ಮನಿ ಹೊಕ್ಕೋದು ಇಲ್ಲೇ ಬಿದ್ದ ಮಳಿ ನೀರು. ನಮ್ದು ಎರಿ ಮಣ್ಣು, ಅಂದ್ರ ಕಪ್ಪು ಜಿಗಟು ಮಣ್ಣು, ಒಮ್ಮೆ ನೆನೆದು ಉಬ್ಬಿತಂದ್ರ ನೀರು ಕೆಳಗ ಇಳಿಯಂಗಿಲ್ಲ, ಅದರ ಮ್ಯಾಲ ಸಿಸಿ ರೋಡ್ ಹಾಕಿ ಹಳ್ಳಾನೂ ಮುಚ್ಚಿದ್ರ ಆ ನೀರು ಎಲ್ಲಿ ಹೋಗ್ಬೇಕು?

ಮೊದ್ಲು ಫೋನ್‌ನಾಗ ಸರ್ಕಾರದ ದಿಶಾಂಕ್ ಆ್ಯಪ್ ಹಾಕ್ಕೊಂಡು ಪ್ಲಾಟ್ ಮ್ಯಾಲ ನಿಂತು ಸರ್ವೆ ನಂಬರ್ ನೋಡ್ರಿ. ಆ ನಂಬರಿನ ಹಳೇ ಪಹಣಿ ತೆಗಸ್ರಿ, ಎನ್‌ಎ (ಹೊಲ ಕೃಷಿಯೇತರ ಜಾಗ) ಆಗೋಕಿಂತ ಮೊದ್ಲಿಂದು. ಅದರಾಗ ವಿಸ್ತೀರ್ಣದ ಕಾಲಂನಾಗ ಖರಾಬು ಅ, ಖರಾಬು ಬ ಅಂತ ಎರಡು ಇರ್ತಾವ, ಬ ಖರಾಬು ಅಂದ್ರ ಹಳ್ಳ, ದಾರಿ ಇಂಥಾ ಸಾರ್ವಜನಿಕ ಜಾಗ, ಅಲ್ಲಿ ಗುಂಟೆ ತೋರ್ಸಿದ್ರ ಅದು ಲೇಔಟ್ ನಕ್ಷೆದಾಗ ಎಲ್ಲಿ ಹೋಗ್ಯದ ಅಂತ ಮಾರೋರನ್ನ ಕೇಳ್ರಿ, ಬಾಯ್ಮಾತಿಗೆ ಒಪ್ಪಬ್ಯಾಡ್ರಿ, ನಕ್ಷೆ ಮ್ಯಾಲೇ ಬೆರಳಿಟ್ಟು ತೋರಸ್ಬೇಕು. ಭೂದಾಖಲೆ ಇಲಾಖೆ ವೆಬ್‌ಸೈಟ್‌ನಾಗ ಊರಿನ ಕಂದಾಯ ನಕ್ಷೆ ಸಿಗ್ತದ, ಅದನ್ನೂ ಪಕ್ಕಕ್ಕಿಟ್ಟು ನೋಡ್ರಿ.

ಆಮೇಲೆ ಗೂಗಲ್ ಅರ್ಥ್‌ನಾಗ ಹಳೇ ವರ್ಷದ ಫೋಟೋ. ಕಪ್ಪು ಹೊಲದ ನಡುವೆ ಜಾಲಿ ಗಿಡದ ಹಸಿರು ಗೆರಿ ಸೊಟ್ಟಂಪಟ್ಟ ಹೋಗಿದ್ರ ಅದೇ ಹಳ್ಳ, ಈಗ ಅದರ ಮ್ಯಾಲ ಪ್ಲಾಟ್ ಕಲ್ಲು ನೆಟ್ಟಿದ್ರ ಆ ಪ್ಲಾಟ್ ಬಿಟ್ಟುಬಿಡ್ರಿ, ರೇಟ್ ಎಷ್ಟೇ ಕಮ್ಮಿ ಇರ್ಲಿ.

ಆಜುಬಾಜು ಮನಿ ಗ್ವಾಡಿ ಮ್ಯಾಲ ಮೊಣಕಾಲ ಮಟ್ಟಕ್ಕ ಕೆಸರಿನ ಗೆರಿ ಅದನಾ, ಬಾಗಿಲಿಗೆ ಹೊಸದಾಗಿ ಕಟ್ಟಿ ಕಟ್ಟ್ಯಾರನಾ ನೋಡ್ರಿ, ಬಾಡಿಗಿ ಮನಿ ಹುಡುಕೋರಿಗೂ ಇದು ಬೇಕು. ಮೊದಲು ಆ ಹೊಲ ಮಾಡ್ತಿದ್ದ ರೈತರು ಸಿಕ್ರಂತೂ ಕೇಳೇ ಬಿಡ್ರಿ, ನೀರು ಎತ್ತಾಗಿಂದ ಬರ್ತಿತ್ತು ಅನ್ನೋದು ಅವರಷ್ಟು ಯಾರಿಗೂ ಗೊತ್ತಿರಲ್ಲ.

ಕಟ್ಟೋವಾಗ ಎರಿ ಮಣ್ಣಿನ ಮ್ಯಾಲೇ ಪಾಯ ನಿಲ್ಲಿಸಬ್ಯಾಡ್ರಿ, ಗಟ್ಟಿ ಮುರುಮ್ (ಗರಸು ಮಣ್ಣು) ಹತ್ತೋ ತನಕ ತೋಡಸ್ರಿ, ಎಂಜಿನಿಯರ್‌ಗೆ ಮಣ್ಣು ಟೆಸ್ಟ್ ಮಾಡ್ಸೋಕೆ ಹೇಳ್ರಿ. 2021ರಾಗ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಾಗ ಭೂಮಿ ನಡುಗಿದ್ದು ನೆನಪಿರಬೇಕಲ್ಲ, ಕಾಲಂ ಕಬ್ಬಿಣದಾಗ ಉಳಿತಾಯ ಮಾಡೋಕೇ ಹೋಗಬ್ಯಾಡ್ರಿ. ಇನ್ನ ಪ್ಲಾಟ್ ಎತ್ತರ ಮಾಡ್ತೀವಿ ಅಂತ ಮುರುಮ್ ತುಂಬ್ಸಿದ್ರ ಆ ನೀರು ಬಾಜು ಮನಿಗೆ ಹೋಗ್ತದ, ಅದಕ್ಕ ಮೊದ್ಲು ರೋಡ್ ಬದಿ ಗಟಾರಕ್ಕ ದಾರಿ ಬಿಡ್ರಿ, ಆಮೇಲೆ ತುಂಬಸ್ರಿ.