ಕಾನ್ಸರ್ಟ್ ಕೊನೇ ಗಳಿಗೆಯಲ್ಲಿ ಕ್ಯಾನ್ಸಲ್ ಆಯಿತಾ? ಬೈಯುವ ಮೊದಲು ಇಷ್ಟು ಮಾಡಿ

ರೈಲು ತಿಪಟೂರು ದಾಟಿತ್ತು. ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿ ಹಿಡಿದು ಬೆಂಗಳೂರಿಗೆ ಹೊರಟಿದ್ದೆ, ಸಂಜೆ ಏಳಕ್ಕೆ ಕಾನ್ಸರ್ಟ್. ಅಮ್ಮ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದಾಗ ಫೋನ್ ಟಿಣ್ ಅಂದಿತು. ಅನಿವಾರ್ಯ ಕಾರಣಗಳಿಂದ ಇಂದಿನ ಕಾರ್ಯಕ್ರಮ ರದ್ದಾಗಿದೆಯಂತೆ. ಅಷ್ಟೇ, ಒಂದೇ ಸಾಲು. ತಲೆ ಎತ್ತಿದರೆ ಎದುರು ಸಾಲಿನಲ್ಲಿ ಅದೇ ಬ್ಯಾಂಡಿನ ಟೀ ಶರ್ಟ್ ಹಾಕಿಕೊಂಡಿದ್ದ ಹುಡುಗನೊಬ್ಬ ಫೋನನ್ನೇ ದಿಟ್ಟಿಸುತ್ತಾ ಕೂತಿದ್ದ. ಭದ್ರಾವತಿಯಲ್ಲಿ ಹತ್ತಿದವನು. "ನಿಮ್ಗೂ ಬಂತಾ ಅಣ್ಣಾ?" ಅಂದ.

ಅವತ್ತು ನಾನು ಮೊದಲ ಒಂದೂವರೆ ಗಂಟೆ ಏನು ಮಾಡಿದೆ ಗೊತ್ತಾ? ಇನ್‌ಸ್ಟಾಗ್ರಾಂನಲ್ಲಿ ಕೂತು ಬೈದೆ. ತುಮಕೂರು ಬರುವ ಹೊತ್ತಿಗೆ ನಾಲ್ಕು ಕಾಮೆಂಟ್, ಎರಡು ಸ್ಟೋರಿ ಹಾಕಿ ಆಗಿತ್ತು, ಅಷ್ಟರಲ್ಲಿ ಲಾಡ್ಜ್ ರೂಮನ್ನು ಪುಕ್ಕಟೆ ಕ್ಯಾನ್ಸಲ್ ಮಾಡುವ ಗಡುವು ಮುಗಿದೇ ಹೋಗಿತ್ತು. 1,900 ರೂಪಾಯಿ ನೀರಿನಲ್ಲಿ ಹೋಮ. ಟಿಕೆಟ್‌ನ 3,500 ಮಾತ್ರ ಒಂಬತ್ತನೇ ದಿನ ತಾನಾಗೇ ಬಂತು.

ನಾನು ಕಲಿತದ್ದು ಇದು. ಟಿಕೆಟ್ ದುಡ್ಡು ಸಾಮಾನ್ಯವಾಗಿ ಇವತ್ತಲ್ಲ ನಾಳೆ ವಾಪಸ್ ಬರುತ್ತದೆ. ಅದರ ಸುತ್ತ ಸುರಿದ ದುಡ್ಡು, ಅಂದರೆ ರೈಲು, ರೂಮು, ರಜೆ, ಕ್ಯಾಬು, ಅದು ಗಂಟೆ ಗಂಟೆಗೂ ಕರಗುತ್ತಾ ಹೋಗುತ್ತದೆ. ಆದ್ದರಿಂದ ಮೊದಲ ಗಂಟೆಯಲ್ಲಿ ಟಿಕೆಟ್ ಹಿಂದೆ ಬೀಳಬೇಡಿ.

ರದ್ದೋ, ಮುಂದಕ್ಕೆ ಹೋಗಿದ್ದೋ?

ಮೊದಲು ಸುದ್ದಿ ನಿಜವಾ ನೋಡಿ. ಫ್ಯಾನ್ ಗ್ರೂಪಿನಲ್ಲಿ ಬಂದ ಫಾರ್ವರ್ಡ್ ನಂಬಿ ರೈಲಿಳಿದವರೂ ಇದ್ದಾರೆ. ಟಿಕೆಟ್ ಮಾರಿದ ಆ್ಯಪ್‌ನಿಂದ ಬಂದ ಇಮೇಲ್, ಆಯೋಜಕರ ಪೇಜು, ಕಲಾವಿದರ ಸ್ವಂತ ಪೇಜು, ಈ ಮೂರರಲ್ಲಿ ಎರಡಾದರೂ ಒಂದೇ ಮಾತು ಹೇಳಬೇಕು.

ಆಮೇಲೆ ಪದ ನೋಡಿ. 'ರದ್ದು' ಬೇರೆ, 'ಮುಂದೂಡಿಕೆ' ಬೇರೆ. ರದ್ದಾದರೆ ಸಾಮಾನ್ಯವಾಗಿ ದುಡ್ಡು ತಾನಾಗೇ ವಾಪಸ್. ಮುಂದೂಡಿದರೆ ಬಹಳ ಸಲ ಹಳೇ ಟಿಕೆಟ್ಟೇ ಹೊಸ ದಿನಕ್ಕೂ ನಡೆಯುತ್ತದೆ, ಬೇಡ ಅನ್ನುವವರು ಇಂಥ ದಿನದೊಳಗೆ ಹೇಳಬೇಕು ಅಂತ ಇಮೇಲ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ದಿನ ದಾಟಿದರೆ ನೀವು ಹೊಸ ತಾರೀಖಿಗೆ ಒಪ್ಪಿದಿರಿ ಅಂತಲೇ ಲೆಕ್ಕ. 2023ರ ಆಗಸ್ಟ್ 12ಕ್ಕೆ ಚೆನ್ನೈಯಲ್ಲಿ ನಡೆಯಬೇಕಿದ್ದ ಎ.ಆರ್. ರೆಹಮಾನ್ ಕಾರ್ಯಕ್ರಮ ಮಳೆಯಿಂದ ಸೆಪ್ಟೆಂಬರ್ 10ಕ್ಕೆ ಹೋಯಿತು. ಆ ದಿನ ಜನ ಮಿತಿಮೀರಿ ಸೇರಿ, ಟಿಕೆಟ್ ಇದ್ದವರೇ ಎಷ್ಟೋ ಮಂದಿ ಒಳಗೆ ಹೋಗಲಾಗದೆ ವಾಪಸ್ ಬಂದರು. ಟಿಕೆಟ್ ಪ್ರತಿಯನ್ನೂ ದೂರನ್ನೂ ಇಮೇಲ್ ಮಾಡಿ ಅಂತ ರೆಹಮಾನ್ ಅವರೇ ಆಮೇಲೆ ಕೇಳಿಕೊಂಡರು. ಅಂದರೆ ಟಿಕೆಟ್ ಪ್ರತಿ ಇಟ್ಟುಕೊಂಡವರಿಗೆ ಆಗ ದಾರಿ ಸುಲಭವಾಯಿತು.

ಮುಂದೂಡಿಕೆಯೇ ರದ್ದಾಗಿ ತಿರುಗುವುದೂ ಉಂಟು. 2011ರ ಅಕ್ಟೋಬರ್ 28ರಂದು ಗುರುಗ್ರಾಮದಲ್ಲಿ ಮೆಟಾಲಿಕಾ ಶೋ ಇತ್ತು. ಜನ ಬಂದು ನಿಂತಾಗಿತ್ತು, ಬ್ಯಾರಿಕೇಡ್ ಕುಸಿಯಿತು, ನಾಳೆ ಮಾಡುತ್ತೇವೆ ಅಂದರು. ರೊಚ್ಚಿಗೆದ್ದವರು ಸ್ಟೇಜ್ ಹತ್ತಿ ಸಾಮಾನು ಒಡೆದರು, ಕೊನೆಗೆ ನಾಳೆಯ ಶೋ ಕೂಡ ಇಲ್ಲ. ಎರಡು ದಿನ ಬಿಟ್ಟು, 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ಬ್ಯಾಂಡ್ ಸುಸೂತ್ರವಾಗಿ ನುಡಿಸಿತು. ಡೆಲ್ಲಿ ಕಡೆಯವರಿಗೆ ಹೊಟ್ಟೆ ಉರಿದಿರಬೇಕು, ಅಲ್ವಾ?

ಮೊದಲ ಗಂಟೆ

ರೂಮಿನಿಂದ ಶುರು ಮಾಡಿ. ಆ್ಯಪ್‌ನಲ್ಲಿ ಕ್ಯಾನ್ಸಲ್ ಬಟನ್ ಒತ್ತುವ ಮೊದಲು ಲಾಡ್ಜಿಗೇ ಫೋನ್ ಮಾಡಿ ಮ್ಯಾನೇಜರ್ ಹತ್ತಿರ ಮಾತಾಡಿ. "ಸಾರ್, ಕಾನ್ಸರ್ಟ್‌ಗೆ ಅಂತ ಬರ್ತಾ ಇದ್ವಿ, ಕ್ಯಾನ್ಸಲ್ ಆಗಿದೆ, ದುಡ್ಡು ವಾಪಸ್ ಬೇಡ, ಇನ್ನೊಂದು ದಿನಕ್ಕೆ ಹಾಕಿಕೊಡ್ತೀರಾ?" ಅಂತ ಕೇಳಿದರೆ ಒಪ್ಪುವವರು ಜಾಸ್ತಿ. ಆ್ಯಪ್ ಒಪ್ಪುವುದಿಲ್ಲ, ಮನುಷ್ಯರು ಒಪ್ಪುತ್ತಾರೆ. ಭದ್ರಾವತಿಯ ಹುಡುಗ ಹೀಗೇ ಮಾಡಿ ತನ್ನ 1,200 ಉಳಿಸಿಕೊಂಡ. ನನಗಿಂತ ಹತ್ತು ವರ್ಷ ಚಿಕ್ಕವನು.

ಆಮೇಲೆ ವಾಪಸ್ ಹೋಗುವ ರೈಲು, ಬಸ್ಸು. ಹೊರಡುವ ಹೊತ್ತು ಹತ್ತಿರವಾದಷ್ಟೂ ಕಟ್ ಆಗುವ ದುಡ್ಡು ಜಾಸ್ತಿ. ಇನ್ನೂ ಊರಲ್ಲೇ ಇದ್ದರೆ ಹೋಗುವ ಟಿಕೆಟ್ಟನ್ನು ಮೊದಲು ಕ್ಯಾನ್ಸಲ್ ಮಾಡಿ, ಬರುವ ಟಿಕೆಟ್ ಹತ್ತು ನಿಮಿಷ ತಡವಾದರೂ ಚಿಂತೆಯಿಲ್ಲ.

ಈ ಎರಡೂ ಮುಗಿದ ಮೇಲೆ ಸ್ಕ್ರೀನ್‌ಶಾಟ್. ಆರ್ಡರ್ ಪೇಜು, ಟಿಕೆಟ್, ರದ್ದಾದ ಸಂದೇಶ ಬಂದ ಸಮಯದ ಸಮೇತ, ದುಡ್ಡು ಕಟ್ಟಿದ ಬ್ಯಾಂಕ್ ಮೆಸೇಜು. ಮುಖ್ಯವಾಗಿ, ಆ ಕಾರ್ಯಕ್ರಮದ ಷರತ್ತುಗಳ ಪೇಜು. ಕಾರ್ಯಕ್ರಮ ರದ್ದಾದರೆ ಆ ಪೇಜೇ ಆ್ಯಪ್‌ನಿಂದ ಮಾಯವಾಗಬಹುದು, ಆಮೇಲೆ ನೀವು 'ಷರತ್ತಿನಲ್ಲಿ ಹೀಗಿತ್ತು' ಅಂದರೆ ಎಲ್ಲಿತ್ತು ತೋರಿಸಿ ಅನ್ನುತ್ತಾರೆ. ರೈಲು ಟಿಕೆಟ್, ರೂಮಿನ ಬಿಲ್ಲು ಕೂಡ ಅದೇ ಫೋಲ್ಡರಿಗೆ ಹಾಕಿಡಿ.

ರೀಫಂಡ್ ಲೆಕ್ಕ

ಸಾಮಾನ್ಯವಾಗಿ ಏಳರಿಂದ ಹತ್ತು ಕೆಲಸದ ದಿನ ಅನ್ನುತ್ತಾರೆ. ಭಾನುವಾರ, ಬ್ಯಾಂಕ್ ರಜೆ ಎಲ್ಲ ಬಿಟ್ಟು ಎಣಿಸಿ, ದಿನಾ ಬೆಳಗ್ಗೆ ಎದ್ದು ಬ್ಯಾಲೆನ್ಸ್ ನೋಡುವುದರಿಂದ ಬೇಗ ಬರುವುದಿಲ್ಲ. 'ನಾವು ಕಳಿಸಿ ಆಗಿದೆ' ಅಂತ ಅವರು ಹೇಳಿ, ನಿಮ್ಮ ಖಾತೆಯಲ್ಲಿ ಇಲ್ಲದಿದ್ದರೆ ಜಗಳ ಬೇಡ, ಒಂದು ನಂಬರ್ ಕೇಳಿ. ಕಾರ್ಡ್ ಆದರೆ ಎಆರ್‌ಎನ್, 23 ಅಂಕಿಯದು. ಯುಪಿಐ ಆದರೆ ಯುಟಿಆರ್ ಅಥವಾ ಆರ್‌ಆರ್‌ಎನ್. ಅದನ್ನು ನಿಮ್ಮ ಬ್ಯಾಂಕಿಗೆ ಕೊಟ್ಟರೆ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹುಡುಕಿ ಹೇಳುತ್ತಾರೆ. ಕಳಿಸದೇ ಕಳಿಸಿದ್ದೇವೆ ಅಂದಿದ್ದರೆ ಈ ನಂಬರ್ ಅವರ ಹತ್ತಿರ ಇರುವುದೇ ಇಲ್ಲ, ಅಲ್ಲೇ ಬಣ್ಣ ಬಯಲು.

ಬಂದ ದುಡ್ಡನ್ನು ಕಟ್ಟಿದ ದುಡ್ಡಿನ ಜೊತೆ ಇಟ್ಟು ನೋಡಿ. ಕನ್ವೀನಿಯನ್ಸ್ ಫೀ ಅಂತ ಟಿಕೆಟ್ ಮೇಲೆ ಹಾಕಿರುತ್ತಾರಲ್ಲ, ಅದು ಹಲವು ಸಲ ವಾಪಸ್ ಬರುವುದಿಲ್ಲ. ನನಗೂ ಮೊದಲು ಬರಲಿಲ್ಲ. ನಾನಾಗಿ ಬೇಡ ಅಂದಿದ್ದರೆ ಹಿಡಿದುಕೊಳ್ಳಲಿ, ಅವರೇ ರದ್ದು ಮಾಡಿದ ಮೇಲೆ ನನಗೇನು ಅನುಕೂಲ ಮಾಡಿಕೊಟ್ಟರು ಸ್ವಾಮಿ?

ದೊಡ್ಡ ಫೆಸ್ಟಿವಲ್ ಆದರೆ ಇನ್ನೊಂದಿದೆ. ಒಳಗೆ ಊಟ, ಜ್ಯೂಸಿಗೆ ಅಂತ ಕೈಪಟ್ಟಿಗೆ ದುಡ್ಡು ತುಂಬಿಸಿರುತ್ತೀರಿ. ಅದು ಟಿಕೆಟ್ ಜೊತೆ ಬರುವುದಿಲ್ಲ, ಬೇರೆ ಲಿಂಕ್, ಬೇರೆ ಗಡುವು ಇರುತ್ತದೆ. ಪಟ್ಟಿಯನ್ನು ಸಿಟ್ಟಿನಲ್ಲಿ ಕಿತ್ತು ಬಿಸಾಡಬೇಡಿ, ಹಿಂದಿರುವ ಕೋಡ್ ಬೇಕಾಗುತ್ತದೆ. ಪಾರ್ಕಿಂಗ್ ಪಾಸೂ ಹಾಗೇ.

ಟಿಕೆಟ್ಟನ್ನು ಬೇರೆಯವರ ಕೈಯಿಂದ ಕೊಂಡಿದ್ದರೆ? ಇಲ್ಲಿ ನಿಜವಾದ ತಲೆನೋವು. ರೀಫಂಡ್ ಮೊದಲು ಕೊಂಡವರ ಖಾತೆಗೇ ಹೋಗುತ್ತದೆ. ಗೆಳೆಯರಾದರೆ ಸರಿ. ಟೆಲಿಗ್ರಾಂನಲ್ಲಿ ಸಿಕ್ಕ ಅಪರಿಚಿತನಾದರೆ, ಅವನು 3,500ರ ಟಿಕೆಟ್ಟನ್ನು ನಿಮಗೆ 6,000ಕ್ಕೆ ಮಾರಿ, ಈಗ ಆ 3,500 ಕೂಡ ಅವನಿಗೇ. ತಕ್ಷಣ, ಅವನು ನಿಮ್ಮನ್ನು ಬ್ಲಾಕ್ ಮಾಡುವ ಮೊದಲು, 'ದುಡ್ಡು ಬಂದ ಕೂಡಲೇ ಕಳಿಸುತ್ತೇನೆ' ಅಂತ ಬರಹದಲ್ಲಿ ಬರೆಸಿಕೊಳ್ಳಿ. ಮೇಲಿನ 2,500 ಆಸೆ ಬಿಡಿ.

ಕಸ್ಟಮರ್ ಕೇರ್ ನಂಬರ್ ಗೂಗಲ್ ಮಾಡಬೇಡಿ

ದೊಡ್ಡ ಕಾರ್ಯಕ್ರಮ ರದ್ದಾದರೆ ವಂಚಕರಿಗೆ ಸುಗ್ಗಿ. ಹುಡುಕಿದರೆ ಸಿಗುವ ನಂಬರಿಗೆ ಫೋನ್ ಮಾಡಿದರೆ ಆ ಕಡೆಯವರು ಬಲು ವಿನಯವಾಗಿ 'ರೀಫಂಡ್ ಹಾಕ್ತೀವಿ, ಈ ಆ್ಯಪ್ ಹಾಕ್ಕೊಳ್ಳಿ, ಪಿನ್ ಒತ್ತಿ' ಅನ್ನುತ್ತಾರೆ. ಯುಪಿಐ ಪಿನ್ ಒತ್ತುವುದು ದುಡ್ಡು ಕೊಡುವಾಗ, ದುಡ್ಡು ಬರುವಾಗ ಅಲ್ಲ. ಟಿಕೆಟ್ ಕೊಂಡ ಆ್ಯಪ್‌ನ ಒಳಗಿರುವ ಸಹಾಯದ ಜಾಗದಿಂದಲೇ ಮಾತಾಡಿ. ಮೋಸ ಹೋದಿರಿ ಅನ್ನಿ, ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೆಳಗ್ಗೆ ಮಾಡೋಣ ಅಂತ ಮಲಗಬೇಡಿ.

ದುಡ್ಡು ಬರಲೇ ಇಲ್ಲ ಅಂದರೆ

ಮೊದಲು ಒಂದು ಇಮೇಲ್, ಟಿಕೆಟ್ ಮಾರಿದವರಿಗೂ ಆಯೋಜಕರಿಗೂ ಒಟ್ಟಿಗೆ. ಕಥೆ ಬರೆಯಬೇಡಿ. ನಾನು ಬರೆದದ್ದು ಹೀಗಿತ್ತು:

'ಆರ್ಡರ್ ನಂಬರ್ ಇಷ್ಟು. ಇಂಥ ದಿನದ ಕಾರ್ಯಕ್ರಮವನ್ನು ನೀವು ಅದೇ ದಿನ ಬೆಳಗ್ಗೆ ರದ್ದು ಮಾಡಿದ್ದೀರಿ. ಕಟ್ಟಿದ ಒಟ್ಟು ದುಡ್ಡು ಇಷ್ಟು, ಬಂದದ್ದು ಇಷ್ಟು, ಬಾಕಿ ಇಷ್ಟು. ಏಳು ದಿನದೊಳಗೆ ಬಾಕಿ ಕೊಡಿ, ಇಲ್ಲವೇ ಯಾವ ಷರತ್ತಿನ ಪ್ರಕಾರ ಹಿಡಿದುಕೊಂಡಿದ್ದೀರಿ ಎಂದು ತಿಳಿಸಿ. ಉತ್ತರ ಬಾರದಿದ್ದರೆ ಗ್ರಾಹಕರ ಸಹಾಯವಾಣಿಗೆ ದೂರು ಕೊಡುತ್ತೇನೆ.'

ಉತ್ತರ ಬರಲಿಲ್ಲವಾ? 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ದೂರಿನ ನಂಬರ್ ಕೊಡುತ್ತಾರೆ, ಕಂಪನಿಗೆ ಕಳಿಸುತ್ತಾರೆ. ಅವರು ಕೋರ್ಟ್ ಅಲ್ಲ, ಆದರೂ ನನಗೆ ಹಿಡಿದುಕೊಂಡಿದ್ದ ಫೀ ವಾಪಸ್ ಬಂದದ್ದು ಆ ದೂರಿನ ಮೇಲೆಯೇ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ದುಡ್ಡನ್ನು ಬ್ಯಾಂಕಿನ ಮೂಲಕವೇ ವಾಪಸ್ ತರಿಸುವುದು, ಕೇಳಬಹುದು, ಅದಕ್ಕೂ ಗಡುವು ಇದೆ, ತಿಂಗಳುಗಟ್ಟಲೆ ಕೂರಬೇಡಿ.

ಇದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವಿರುವ ಊರಿನಲ್ಲೇ ದೂರು ಹಾಕಬಹುದು, ಕಾರ್ಯಕ್ರಮ ಬೆಂಗಳೂರಿನಲ್ಲಿದ್ದರೂ ಶಿವಮೊಗ್ಗದವರು ಶಿವಮೊಗ್ಗದಲ್ಲೇ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ಆನ್‌ಲೈನ್‌ನಲ್ಲೂ ಆಗುತ್ತದೆ. 'ನಮ್ಮ ಕೈ ಮೀರಿದ ಕಾರಣ' ಅಂತ ಆಯೋಜಕರು ಹೇಳಬಹುದು. ಒಪ್ಪಂದ ನಡೆಸಲು ಆಗದೇ ಹೋದರೆ ಪಡೆದದ್ದನ್ನು ಹಿಂದಿರುಗಿಸಬೇಕು ಅಂತ 1872ರ ಕರಾರು ಕಾಯ್ದೆಯ 65ನೇ ಕಲಂ ಇದೆ. ರೈಲು, ರೂಮಿನ ಖರ್ಚನ್ನೂ ಕೇಳಿ ನೋಡಬಹುದು. ಸಿಗುವುದು ಕಷ್ಟ, ಆದರೆ ತೀರಾ ತಡವಾಗಿ ಹೇಳಿದ್ದರಿಂದಲೇ ಆದ ನಷ್ಟ ಅಂತ ತೋರಿಸಿದರೆ ಕೇಳಿಸಿಕೊಳ್ಳಬಹುದು.

ಯಾರಿಗೆ ಬೈಯಬೇಕು?

ಬೈಯಬೇಡಿ ಅಂತ ನಾನು ಹೇಳುವುದಿಲ್ಲ. ಆರು ತಿಂಗಳು ಕಾದವರಿಗೆ ಸಿಟ್ಟು ಬಾರದೆ ಇರುತ್ತಾ? ಆದರೆ ಕಾರಣ ನೋಡಿ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಅರಿಜಿತ್ ಸಿಂಗ್ ಅವರ ಚೆನ್ನೈ ಕಾರ್ಯಕ್ರಮ ರದ್ದಾಯಿತು, ಪೂರ್ತಿ ದುಡ್ಡು ವಾಪಸ್ ಅಂದರು. ಅದಕ್ಕೆ ಯಾರು ಬೈಯುತ್ತಾರೆ? ಅದೇ ವರ್ಷ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದನ್ನು ನೋಡಿದ ಮೇಲೆ ಜನ ಹಿಡಿಸದ ಜಾಗದಲ್ಲಿ ಪೊಲೀಸರು ಅನುಮತಿ ಕೊಡಲಿಲ್ಲ ಅಂದರೆ ನನಗಂತೂ ಬೇಸರವಿಲ್ಲ. ಬೇಸರ ಇರುವುದು ಅನುಮತಿ ಕೈಗೆ ಸಿಗುವ ಮೊದಲೇ ಟಿಕೆಟ್ ಮಾರುವವರ ಮೇಲೆ.

ಗಂಟಲು ಕೆಟ್ಟಿತು, ಜ್ವರ ಬಂತು ಅಂದರೂ ಹಾಗೇ. 1871ರಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಇಂಥದ್ದೇ ಒಂದು ಜಗಳ ಹೋಗಿತ್ತು. ಅರಬೆಲ್ಲಾ ಗೊಡಾರ್ಡ್ ಅನ್ನುವ ಹೆಸರಾಂತ ಪಿಯಾನೋ ಕಲಾವಿದೆ ಕಾಯಿಲೆ ಬಿದ್ದು ಸಂಗೀತ ಕಚೇರಿಗೆ ಬರಲಿಲ್ಲ, ಪತ್ರ ಆಯೋಜಕರ ಕೈಸೇರಿದ್ದು ಕಚೇರಿಯ ದಿನ ಬೆಳಗ್ಗೆ. ಕಾಯಿಲೆ ಬಿದ್ದವರು ನುಡಿಸಲೇಬೇಕು ಅಂತಿಲ್ಲ ಅಂತ ಕೋರ್ಟ್ ಹೇಳಿತು. ಆದರೆ ಟೆಲಿಗ್ರಾಂ ಕಳಿಸದೆ ಪತ್ರ ಹಾಕಿ ತಡ ಮಾಡಿದ್ದಕ್ಕೆ ಒಂದು ಸಣ್ಣ ಮೊತ್ತ ಕೊಡಿಸಿದರು. ನನ್ನ ಜಗಳವೂ ಇಷ್ಟೇ. ಹಿಂದಿನ ರಾತ್ರಿಯೇ ಗೊತ್ತಿದ್ದರೆ ರಾತ್ರಿಯೇ ಹೇಳಿ, ನಾವು ರೈಲು ಹತ್ತುವುದಿಲ್ಲ. 2022ರ ಜನವರಿಯಲ್ಲಿ ಗಾಯಕಿ ಅಡೆಲ್ ಲಾಸ್ ವೇಗಸ್‌ನ ಶೋಗಳನ್ನು ಹಿಂದಿನ ದಿನ ಮುಂದಕ್ಕೆ ಹಾಕಿ, ಅಳುತ್ತಾ ವಿಡಿಯೋದಲ್ಲಿ ಕ್ಷಮೆ ಕೇಳಿದರು. ಅಷ್ಟರಲ್ಲಿ ಎಷ್ಟೋ ಮಂದಿ ವಿಮಾನ ಹತ್ತಿ ಆಗಿತ್ತು.

ಗೇಟಿನಲ್ಲಿ ನಿಂತಿರುವ ಸೆಕ್ಯೂರಿಟಿ ಹುಡುಗನಿಗೆ ಮಾತ್ರ ಬೈಯಬೇಡಿ. ಅವನ ದಿನಗೂಲಿಯೂ ಹೋಗಿರಬಹುದು.

ಆ ಸಂಜೆ

ಊರು ಸೇರಿಬಿಟ್ಟಿದ್ದರೆ ರೂಮಿನಲ್ಲಿ ಕೂತು ಸೀಲಿಂಗ್ ನೋಡಬೇಡಿ. 2024ರ ಆಗಸ್ಟ್‌ನಲ್ಲಿ ಭಯೋತ್ಪಾದಕ ದಾಳಿಯ ಸಂಚು ಸಿಕ್ಕಿಬಿದ್ದು ವಿಯೆನ್ನಾದಲ್ಲಿ ಟೇಲರ್ ಸ್ವಿಫ್ಟ್ ಅವರ ಮೂರೂ ಶೋ ರದ್ದಾದಾಗ, ಬಂದಿದ್ದ ಅಭಿಮಾನಿಗಳು ಕಾರ್ನೆಲಿಯಸ್‌ಗಾಸೆ ಅನ್ನುವ ಬೀದಿಯಲ್ಲಿ ಸೇರಿ, ತಾವು ಕಟ್ಟಿದ್ದ ಮಣಿ ಬಳೆಗಳನ್ನು ಬದಲಾಯಿಸಿಕೊಂಡು, ಮರಕ್ಕೂ ಕಟ್ಟಿ, ತಾವೇ ಹಾಡಿದರು.

ನಮ್ಮದು ಅಷ್ಟು ದೊಡ್ಡದಲ್ಲ. ಯಶವಂತಪುರದಲ್ಲಿ ಇಳಿದು, ಫ್ಯಾನ್ ಗ್ರೂಪಿನಲ್ಲಿ 'ಯಾರಾದರೂ ಬಂದು ಸಿಕ್ಕಿಹಾಕಿಕೊಂಡಿದ್ದೀರಾ?' ಅಂತ ಹಾಕಿದ್ದಕ್ಕೆ ಸಂಜೆ ಮಲ್ಲೇಶ್ವರದಲ್ಲಿ ಏಳು ಜನ ಸೇರಿದೆವು. ದೋಸೆ ತಿಂದು, ಫುಟ್‌ಪಾತ್‌ನಲ್ಲಿ ನಿಂತು, ಅವತ್ತು ಯಾವ ಹಾಡು ಮೊದಲು ಬರಬೇಕಿತ್ತು ಅಂತ ಒಂದು ಗಂಟೆ ವಾದ ಮಾಡಿದೆವು. ಕಾಫಿ ಲೋಟ ಎತ್ತುವ ಅಜ್ಜ ಎರಡು ಸಲ ಬಂದು ನೋಡಿ ಹೋದರು.

ಈಗ ಹೊಸ ತಾರೀಖು ಬಂದಿದೆ. ಭದ್ರಾವತಿಯ ಹುಡುಗ ಮೊನ್ನೆ ಫೋನ್ ಮಾಡಿ, "ಅಣ್ಣಾ, ಈ ಸಲ ರೂಮ್ ಬೇಡ, ಶೋ ಮುಗಿಸಿಕೊಂಡು ರಾತ್ರಿ ಬಸ್ಸಿಗೇ ವಾಪಸ್ ಬರೋಣ, ಬಸ್ ಸೀಟು ಹಿಂದಿನ ದಿನ ಸಂಜೆ ಬುಕ್ ಮಾಡೋಣ" ಅಂದ. ಟಿಕೆಟ್ ಮಾತ್ರ ಆಗಲೇ ತಗೊಂಡಿದ್ದಾನೆ, ಇಬ್ಬರಿಗೂ.